ಬಳಪದ ಗಣಿಯ ಹಾಜರಿ ಚಪ್ಪಡಿ

ಮುಂಬೈ ಪಕ್ಕದ ಡೊಂಬಿವಲಿಯ ನೆಲದಡಿ ಬಳಪದ ಕಲ್ಲು ಸಿಗುವುದಿಲ್ಲ. ಈ ಸತ್ಯವನ್ನು ನಾನು ಒಮ್ಮೆ ತುಂಬಿದ ಸಭೆಯ ಮುಂದೆ ಗಂಟಲು ಸರಿಪಡಿಸಿಕೊಂಡು ಘೋಷಿಸಿದ್ದೇನೆ, ಯಾರೂ ಪ್ರತಿಭಟಿಸಲಿಲ್ಲ. ನಮ್ಮಲ್ಲಿರುವುದು ಕಪ್ಪು ಕಲ್ಲು. ಯಾವುದೋ ಕಾಲದಲ್ಲಿ ಭೂಮಿ ಬಿರಿದು ಹರಿದ ಕುದಿಯುವ ರಸ ತಣ್ಣಗಾಗಿ ಪದರದ ಮೇಲೆ ಪದರ ಕೂತದ್ದು. ಠಾಣೆ ಬಿಟ್ಟ ಫಾಸ್ಟ್ ಲೋಕಲ್ ರೈಲು ಪಾರ್ಸಿಕ್ ಸುರಂಗಕ್ಕೆ ನುಗ್ಗಿದಾಗ ಎರಡೂ ಬದಿಗೆ ಇರುವುದು ಅದೇ. ಬಾಗಿಲಲ್ಲಿ ನೇತಾಡುವವರು ತಲೆ ಒಳಗೆ ಎಳೆದುಕೊಳ್ಳುತ್ತಿದ್ದರಲ್ಲ, ಆ ಕಲ್ಲಿಗೆ ನಮ್ಮ ಊರಿನವರು ಸಲ್ಲಿಸುತ್ತಿದ್ದ ಗೌರವ ಅಷ್ಟೇ.

ಹಾಗಿದ್ದರೂ ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನಗೆ ಅನ್ನ ಹಾಕಿದ್ದು ಬಳಪದ ಕಲ್ಲೇ. ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಅದನ್ನು ಅರೆದು ಪುಡಿ ಮಾಡುವ ಒಂದು ಮಿಲ್ಲಿತ್ತು. ನಮ್ಮ ಪುಡಿ ಬಣ್ಣದ ಕಾರ್ಖಾನೆಗೆ ಹೋಗುತ್ತಿತ್ತು, ರಬ್ಬರಿನವರಿಗೆ ಹೋಗುತ್ತಿತ್ತು, ಸಾಬೂನಿನವರಿಗೆ ಹೋಗುತ್ತಿತ್ತು. ಉಳಿದದ್ದು ನಮ್ಮ ಹುಬ್ಬುಗಳ ಮೇಲೆ ಕೂರುತ್ತಿತ್ತು. ಸಂಜೆ ಸ್ಟೇಷನ್ನಿನ ಕಡೆ ನಡೆಯುವಾಗ ಬೇರೆ ಕಾರ್ಖಾನೆಯವರು ನಮ್ಮನ್ನು ದೂರದಿಂದಲೇ ಗುರುತಿಸುತ್ತಿದ್ದರು. ಅಕಾಲದಲ್ಲಿ ಮುದುಕರಾದವರ ಒಂದು ಮೆರವಣಿಗೆ.

ನಾನು ಆ ಮಿಲ್ಲಿನ ಪ್ರಯೋಗಾಲಯದ ಮುಖ್ಯಸ್ಥ. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಮುಖ್ಯಸ್ಥನಾಗುವುದು ಕಷ್ಟವಾಗಲಿಲ್ಲ. ಒಂದು ತಕ್ಕಡಿ, ಒಂದು ಕುಲುಮೆ, ಕೆಲವು ಜರಡಿ, ಆಮ್ಲದ ಬಾಟಲಿ, ಮತ್ತು ಹಾಕಿದರೆ ಪುಡಿಯೆಲ್ಲ ಹಾರಿಹೋಗುತ್ತದೆಂದು ಎಂದೂ ಹಾಕದ ಒಂದು ಫ್ಯಾನು. ಧಾರವಾಡದಲ್ಲಿ ಭೂವಿಜ್ಞಾನ ಓದಿ ಪಡೆದ ಬಿ.ಎಸ್ಸಿ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ವಾರಕ್ಕೊಮ್ಮೆ ಒರೆಸದಿದ್ದರೆ ಅದು ಖಾಲಿ ಹಾಳೆಯಂತೆ ಕಾಣುತ್ತಿತ್ತು.

ನಿಜವಾದ ಪ್ರಯೋಗಾಲಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿತ್ತು. ಅಲ್ಲಿ ಏಳೆಂಟು ಹೆಂಗಸರು ಗೋಣಿಚೀಲದ ಮೇಲೆ ಕೂತು ಲಾರಿಯಿಂದ ಇಳಿದ ಕಲ್ಲನ್ನು ಆರಿಸುತ್ತಿದ್ದರು. ಅವರ ಉಪಕರಣ ಹೆಬ್ಬೆರಳ ಉಗುರು. ಗೀರಿದರೆ ಬಿಳಿ ಗೆರೆ ಮೂಡಬೇಕು, ಮೂಡದಿದ್ದರೆ ಅದು ಕಲಬೆರಕೆ. ಅನುಮಾನ ಬಂದರೆ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಒಳ್ಳೆಯ ಬಳಪ ತಣ್ಣಗೆ, ಜಿಡ್ಡುಜಿಡ್ಡಾಗಿ, ಮಗುವಿನ ಅಂಗಾಲಿನಂತಿರುತ್ತದೆ. ನಾನು ಕುಲುಮೆಯಲ್ಲಿಟ್ಟು ಅರ್ಧ ದಿನ ತೂಗಿ ಹೇಳುವುದನ್ನು ಅವರು ಒಂದು ಕಲ್ಲು ಬುಟ್ಟಿಗೆ ಬೀಳುವಷ್ಟು ಹೊತ್ತಿನಲ್ಲಿ ಹೇಳುತ್ತಿದ್ದರು. ಈ ಸಂಗತಿಯನ್ನು ನಾನೂ ಅವರೂ ಬಾಯಿಬಿಟ್ಟು ಆಡದೆ ಪರಸ್ಪರ ಮರ್ಯಾದೆ ಕಾಪಾಡಿಕೊಂಡಿದ್ದೆವು.

ಆ ಹೆಂಗಸರಲ್ಲಿ ಹಿರಿಯವಳು ರಾಯಚೂರು ಕಡೆಯವಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ತಮ್ಮಾ ಎನ್ನುತ್ತಿದ್ದಳು. ಊರು ಬಿಟ್ಟು ಬಂದ ಮೇಲೆ ನನ್ನನ್ನು ತಮ್ಮಾ ಎಂದವರು ಮತ್ತೆ ಯಾರೂ ಇಲ್ಲ. ಮಿಲ್ಲಿನ ಮರಾಠಿ ಮಂದಿಗೆ ನಾನು 'ಲ್ಯಾಬವಾಲೆ', ಬಾಡಿಗೆಯ ಮನೆಯ ಒಡೆಯನಿಗೆ 'ದೋನ್ ನಂಬರ್', ಅಂದರೆ ಎರಡನೇ ಖೋಲಿಯವನು.

ಒಂದು ದಿನ ಲಾರಿಯೊಂದು ಕಲ್ಲು ಸುರಿದು ಹೋಯಿತು. ಕಾಗದದಲ್ಲಿ ರಾಜಸ್ಥಾನದ ಮಾಲು ಎಂದಿತ್ತು, ನಾನೂ ಪುಸ್ತಕದಲ್ಲಿ ಹಾಗೆಯೇ ಬರೆದೆ. ಅರ್ಧ ಗಂಟೆಯಲ್ಲಿ ಅಕ್ಕ ಒಂದು ಕಲ್ಲು ಹಿಡಿದು ಪ್ರಯೋಗಾಲಯದ ಬಾಗಿಲಿಗೆ ಬಂದಳು. ಅದುವರೆಗೆ ಅವಳು ಅಲ್ಲಿಗೆ ಬಂದದ್ದೇ ಇಲ್ಲ.

"ತಮ್ಮಾ, ಇದು ನಮ್ ಗುಡ್ಡದ್ದು," ಎಂದಳು.

ಕಾಗದ ತೋರಿಸಿದೆ. ಅವಳು ಕಾಗದ ನೋಡದೆ ಕಲ್ಲನ್ನು ನನ್ನ ಕೆನ್ನೆಗೆ ಒತ್ತಿದಳು. ಬಿ.ಎಸ್ಸಿ. ಪಾಸಾದವನ ಕೆನ್ನೆ, ಅದಕ್ಕೇನೂ ತಿಳಿಯಲಿಲ್ಲ. ಆದರೆ ಎರಡು ದಿನ ಕುಲುಮೆ, ಆಮ್ಲ, ತಕ್ಕಡಿ ಎಲ್ಲ ಸೇರಿ ಕೊಟ್ಟ ತೀರ್ಪು ಅವಳ ಪರವಾಗಿತ್ತು. ಕಲ್ಲಿನಲ್ಲಿ ಹಸಿರು ಛಾಯೆಯಿತ್ತು, ರಾಜಸ್ಥಾನದ್ದಲ್ಲ. ಖರೀದಿ ವಿಭಾಗದ ಗುಮಾಸ್ತನನ್ನು ಕೇಳಿದರೆ, ಹೌದು, ಕರ್ನಾಟಕದ ಯಾವುದೋ ಮುಚ್ಚಿದ ಗಣಿಯ ಬಾಯಲ್ಲಿ ಬಿದ್ದಿದ್ದ ಹಳೇ ರಾಶಿಯಂತೆ, ಕಾಗದ ಅದಲುಬದಲಾಗಿದೆ ಎಂದ.

ಹೀಗೆ ನನ್ನ ಸಂಶೋಧನೆ ಆರಂಭವಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ನೋಟ್‌ಬುಕ್ ಹಿಡಿದು ಶೆಡ್ಡಿಗೆ ಹೋಗುವುದು, ಅಕ್ಕ ರೊಟ್ಟಿ ಮುರಿಯುತ್ತ ಹೇಳುವುದು, ನಾನು ಬರೆದುಕೊಳ್ಳುವುದು. ಆ ಗಣಿಯನ್ನು ನಾನು ಆಗಲೂ ನೋಡಿರಲಿಲ್ಲ, ಇವತ್ತಿನವರೆಗೂ ನೋಡಿಲ್ಲ. ಅದರ ಭೂವಿಜ್ಞಾನ ಮತ್ತು ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಅಧಿಕಾರವಾಣಿಯಿಂದ ಮಾತನಾಡಿದ ಏಕೈಕ ವ್ಯಕ್ತಿ ಮಾತ್ರ ನಾನೇ ಇರಬೇಕು.

ಭೂವಿಜ್ಞಾನ ಹೀಗೆ: ಆ ಸೀಮೆಯ ಕಲ್ಲು ನಮ್ಮ ಪಾರ್ಸಿಕ್ ಗುಡ್ಡಕ್ಕೆ ಮುತ್ತಜ್ಜನಾಗಬಹುದಾದಷ್ಟು ಹಳೆಯದು. ಆಳದಿಂದ ಬಂದ ಕಪ್ಪು ಕಲ್ಲಿನೊಳಗೆ ಬಿಸಿನೀರು ಹೊಕ್ಕು, ಒತ್ತಡಕ್ಕೆ ಸಿಕ್ಕು, ಎಷ್ಟೋ ಕಾಲದ ಮೇಲೆ ಅದು ಮೆತ್ತಗಾಗಿ ಬಳಪವಾಯಿತು. ಅದರೊಳಗೆ ತೆಳ್ಳನೆಯ ಹಾಳೆಗಳು ಒಂದರ ಮೇಲೊಂದು ಕೂತಿವೆ, ಆದರೆ ಒಂದನ್ನೊಂದು ಹಿಡಿದುಕೊಂಡಿಲ್ಲ. ಹಾಗಾಗಿಯೇ ಅದು ಜಾರುತ್ತದೆ, ಹಾಗಾಗಿಯೇ ಪಾಟಿಯ ಮೇಲೆ ಬರೆಯುತ್ತದೆ. ಗಟ್ಟಿತನದ ಪಟ್ಟಿಯಲ್ಲಿ ಅದಕ್ಕೆ ಒಂದನೆಯ ನಂಬರು, ಅಂದರೆ ಕೊಟ್ಟಕೊನೆಯದು.

ಇದೇ ವಿಷಯವನ್ನು ಅಕ್ಕ ಇನ್ನೊಂದು ಕಡೆಯಿಂದ ಬಲ್ಲಳು. ಗಣಿಯಲ್ಲಿ ಬಳಪದ ಪಟ್ಟಿ ಓರೆಯಾಗಿ ಇಳಿದಿತ್ತಂತೆ, ಮೇಲೆ ಕೆಳಗೆ ಗಟ್ಟಿ ಕಲ್ಲು. ಬೇಸಿಗೆಯಲ್ಲಿ ಎಷ್ಟು ಕೊರೆದರೂ ನಿಲ್ಲುತ್ತದೆ. ಮಳೆನೀರು ಆ ಸಂದಿನಲ್ಲಿ ಇಳಿಯಿತೋ, ಮೇಲಿನ ಕಲ್ಲು ಕೈಯಿಂದ ಮೀನು ಜಾರಿದಂತೆ ಜಾರಿ ಬರುತ್ತದೆ. ಸದ್ದೂ ಬರುವುದಿಲ್ಲ. ಒಂದು ಮಳೆಗಾಲದಲ್ಲಿ ಹಾಗೆ ಜಾರಿ ಬಂದದ್ದರ ಕೆಳಗೆ ಅವಳ ಗಂಡ ಉಳಿದ. ತೆಗೆಯಲು ಹೋದವರ ಮೇಲೂ ಕಲ್ಲು ಜಾರತೊಡಗಿದ್ದರಿಂದ ಅವನನ್ನು ತೆಗೆಯಲಾಗಲಿಲ್ಲ.

ಆ ಗಣಿಯಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಓದು ಬರಹ ಬರುವವರೇ ಇಲ್ಲದ ಕಡೆ ಪುಸ್ತಕ ಯಾಕೆ? ಗಣಿಯ ಬಾಯಲ್ಲಿ ಒಂದು ತಟ್ಟಿಯ ಚಪ್ಪರ, ಅದರ ಕೆಳಗೆ ಒಂದು ಕರೀ ಚಪ್ಪಡಿ. ಬೆಳಿಗ್ಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಬಳಪದ ಚೂರಿನಿಂದ ಅದರ ಮೇಲೆ ತಮ್ಮ ಗುರುತು ಬರೆಯಬೇಕು. ಒಬ್ಬನದು ಕುಡುಗೋಲು, ಒಬ್ಬಳದು ಬಳೆ, ಒಬ್ಬನದು ಬರೀ ಎರಡು ಗೆರೆ. ಸಂಜೆ ಮೇಲೆ ಬಂದವರು ತಮ್ಮ ಗುರುತನ್ನು ತಮ್ಮ ಅಂಗೈಯಿಂದಲೇ ಒರೆಸಿ ಮನೆಗೆ ಹೋಗಬೇಕು. ಚಪ್ಪಡಿ ಬರಿದಾದರೆ ಒಳಗೆ ಯಾರೂ ಉಳಿದಿಲ್ಲ ಎಂದರ್ಥ. ಒಬ್ಬರ ಗುರುತನ್ನು ಇನ್ನೊಬ್ಬರು, ಹೆಂಡತಿಯಾದರೂ ಸರಿ, ಒರೆಸುವಂತಿಲ್ಲ.

ಆ ಸಂಜೆ ಚಪ್ಪಡಿಯ ಮೇಲೆ ಒಂದು ಗುರುತು ಉಳಿಯಿತು. ಮರುದಿನ ಮಂದಿ ಬಂದರು, ಗುರುತು ನೋಡಿದರು, ಇಳಿಯದೆ ಹಿಂದಿರುಗಿದರು. ಮೇಸ್ತ್ರಿ ಒದ್ದೆ ಬಟ್ಟೆ ತಂದು ಒರೆಸಲು ಹೋದಾಗ ಹೆಂಗಸರು ಚಪ್ಪಡಿಗೆ ಬೆನ್ನು ಕೊಟ್ಟು ಕೂತರು. ಒಳಗೆ ಮನುಷ್ಯನಿದ್ದಾನೆ ಎಂದು ಚಪ್ಪಡಿ ಹೇಳುತ್ತಿರುವಾಗ ಅವನ ತಲೆಯ ಮೇಲೆ ಹಾರೆ ಹಾಕುವವರು ಯಾರು? ದಿನಗಳು ಹೋದವು, ಬೇರೆ ಊರಿನಿಂದ ಕರೆತಂದವರೂ ಗುರುತು ನೋಡಿ ಹಿಂದಿರುಗಿದರು. ಗಣಿ ಮುಚ್ಚಿದ್ದು ಹಾಗೆ. ಗಣಿ ಮಾಲಕರ ಕಾಗದದಲ್ಲಿ ಮಾತ್ರ "ನೀರಿನ ಜಿನುಗಿನಿಂದಾಗಿ ಕೆಲಸ ನಿಲ್ಲಿಸಲಾಗಿದೆ" ಎಂದಿತ್ತು. ಅವಳ ಗಂಡನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವನಿದ್ದದ್ದು ಚಪ್ಪಡಿಯ ಮೇಲೆ, ಅದೂ ಹೆಸರಲ್ಲ.

ಅದೇ ದಿನಗಳಲ್ಲಿ ನಮ್ಮ ಕನ್ನಡ ಸಂಘದವರು ನವೆಂಬರ್ ಸಮಾರಂಭಕ್ಕೆ ಒಂದು ಉಪನ್ಯಾಸ ಬೇಕೆಂದರು. ಪ್ರತಿವರ್ಷ ಸಾಹಿತ್ಯವಾಗುತ್ತದೆ, ಈ ಸಲ ವಿಜ್ಞಾನವಾಗಲಿ, ಆಮೇಲೆ ಸ್ಮರಣ ಸಂಚಿಕೆಯಲ್ಲಿ ಅಚ್ಚೂ ಹಾಕೋಣ ಎಂದರು. ನಾನು ಸಂಕೋಚದ ಮುಖ ಮಾಡಿ ತಕ್ಷಣ ಒಪ್ಪಿದೆ. ಮರುದಿನ ಶೆಡ್ಡಿಗೆ ಹೋಗಿ ಅಕ್ಕನಿಗೆ ಹೇಳಿದೆ: ನಿಮ್ಮ ಗುಡ್ಡದ ಕಥೆ ಸಭೆಯಲ್ಲಿ ಓದುತ್ತೇನೆ, ಕೇಳಲು ನೀನೂ ಬಾ, ಅಚ್ಚೂ ಆಗುತ್ತದೆ.

ಅವಳು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. ಆಮೇಲೆ, "ಅವರ ಹೆಸರು ಓದತಿ ಏನ್ ತಮ್ಮಾ?" ಎಂದು ಕೇಳಿದಳು.

ಓದುತ್ತೇನೆ ಎಂದೆ. ಹೆಸರೇನು ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡು ನಕ್ಕಳು. ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಗಂಡ ಗುಡ್ಡದ ಕೆಳಗೆ ಸೇರಿದ ಮಾತ್ರಕ್ಕೆ ಆ ನೇಮ ಸಡಿಲವಾಗುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಅವಳ ಊರಿನವಳೇ ಆದ ಇನ್ನೊಬ್ಬಳು ಹೆಸರು ಹೇಳಿದಳು, ನಾನು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಹಾಕಿದೆ.

"ನಾ ಹೇಳಂಗಿಲ್ಲ," ಎಂದಳು ಅಕ್ಕ. "ಮಗಳೂ ಆಗ ಕೂಸು, ಆಕಿಗೂ ನೆಪ್ಪಿಲ್ಲ. ಒಂದ್ ಸಲ ಮಂದಿ ಮುಂದ ಯಾರಾರ ಆ ಹೆಸರು ಅಂದ್ರ ಸಾಕಪಾ. ಕಿವಿಲೆ ಕೇಳಬೇಕಂತ ಅದ ನನಗ."

ಅವಳು ನನ್ನಿಂದ ಕೇಳಿದ್ದು ಅಷ್ಟೇ, ಒಂದು ಹೆಸರನ್ನು ಗಟ್ಟಿಯಾಗಿ ಹೇಳುವುದು. ಇದಕ್ಕಿಂತ ಸುಲಭದ ಕೆಲಸವನ್ನು ನನಗೆ ಯಾರೂ ವಹಿಸಿಲ್ಲ.

ಸಮಾರಂಭಕ್ಕೆ ಒಂದು ವಾರವಿರುವಾಗ ಆಮಂತ್ರಣ ಪತ್ರಿಕೆ ಬಂತು. ಮುಖ್ಯ ಅತಿಥಿಗಳ ಜಾಗದಲ್ಲಿ ನಮ್ಮ ಮಿಲ್ಲಿನ ಮಾಲಕರ ಹೆಸರಿತ್ತು. ಕರಾವಳಿಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದ ಮನುಷ್ಯ, ಸಂಘಕ್ಕೆ ಬೇಕಾದವರು. ಇರಲಿ ಎಂದುಕೊಂಡೆ. ಮಾರನೆಯ ದಿನ ಖರೀದಿ ಗುಮಾಸ್ತ ಚಹಾ ಕುಡಿಯುತ್ತ, ಆ ಹಳೇ ರಾಶಿ ನಮಗೆ ಸುಲಭವಾಗಿ ಸಿಕ್ಕಿದ್ದು ಯಾಕೆ ಗೊತ್ತೇ, ಆ ಗಣಿಯಲ್ಲಿ ಒಂದು ಕಾಲಕ್ಕೆ ನಮ್ಮ ಸೇಠರದೂ ಪಾಲಿತ್ತು ಎಂದ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಬರೆಯಬೇಕು, ಏಕೆಂದರೆ ಇಲ್ಲಿ ನನ್ನನ್ನು ಯಾರೂ ಬೆದರಿಸಲಿಲ್ಲ. ಮಾಲಕರು ಕರೆಸಲಿಲ್ಲ. ಮ್ಯಾನೇಜರು ಹುಬ್ಬು ಏರಿಸಲಿಲ್ಲ. ಸಂಘದ ಕಾರ್ಯದರ್ಶಿ ಪ್ರತಿ ನೋಡಬೇಕೆಂದು ಕೇಳಲಿಲ್ಲ. ನಾನೇ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಮೇಜಿನ ಮುಂದೆ ಕೂತು ಲೇಖನಿ ತೆಗೆದು ಅಕ್ಕನ ಗಂಡನ ಸಾವಿನ ಭಾಗಕ್ಕೆ ಅಡ್ಡಗೆರೆ ಎಳೆದೆ. ಪ್ರಬಂಧದ ಬಂಧ ಸಡಿಲವಾಗುತ್ತದೆ ಎಂದು ನನಗೆ ನಾನೇ ಕಾರಣ ಕೊಟ್ಟೆ. ವಿಜ್ಞಾನದ ಲೇಖನದಲ್ಲಿ ವೈಯಕ್ತಿಕ ಸಂಗತಿ ಸಲ್ಲದು ಎಂದೆ. ಯಾರ ಉಗುರೂ ತಾಗುವ ಮೊದಲೇ ಗೀರು ಬಿದ್ದ ಕಲ್ಲು ನಾನು.

ಅಲ್ಲಿ "ನೀರಿನ ಜಿನುಗಿನಿಂದಾಗಿ ಕೆಲಸ ನಿಂತಿತು" ಎಂದು ಬರೆದೆ. ಆದರೆ ಚಪ್ಪಡಿಯ ವಿಷಯ ಬಿಡಲು ಮನಸ್ಸಾಗಲಿಲ್ಲ. ಅದು ಬಹಳ ಚೆನ್ನಾಗಿತ್ತು. ಮನುಷ್ಯನನ್ನು ತೆಗೆದು ಚಪ್ಪಡಿಯನ್ನು ಉಳಿಸಿಕೊಂಡೆ.

ಸಮಾರಂಭ ಒಂದು ಶಾಲೆಯ ಸಭಾಂಗಣದಲ್ಲಿ, ಸಂಜೆ. ಅಕ್ಕ ಬಂದಿದ್ದಳು. ನಾನು ಕರೆದಿದ್ದೆನಲ್ಲ, ಅಡ್ಡಗೆರೆ ಎಳೆದ ಮೇಲೆ ಬರಬೇಡ ಎನ್ನಲು ಬಾಯಿ ಬರಲಿಲ್ಲ, ಹೇಗೂ ಬರಲಾರಳು ಎಂದುಕೊಂಡಿದ್ದೆ. ಹಸಿರು ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು. ಹುಬ್ಬಿನಲ್ಲಿ ಪುಡಿ ಇಲ್ಲದೆ ಅವಳನ್ನು ನಾನು ನೋಡಿದ್ದು ಅದೇ ಮೊದಲು. ಹೆಸರು ಹೇಳಿದವಳನ್ನೂ ಜೊತೆಗೆ ಕರೆತಂದಿದ್ದಳು. ಬ್ಯಾಂಕು, ರೇಲ್ವೆ, ವಿಮಾ ಕಚೇರಿಯ ಸಂಸಾರಗಳ ನಡುವೆ ಇಬ್ಬರೂ ಹಿಂದಿನ ಸಾಲಿನ ಕುರ್ಚಿಯ ಅಂಚಿನಲ್ಲಿ, ಯಾರಾದರೂ ಎಬ್ಬಿಸಿದರೆ ಏಳಲು ಸಿದ್ಧರಾದವರಂತೆ ಕೂತಿದ್ದರು.

ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಮಾಲಕರಿಗೆ ಶಾಲು ಹೊದಿಸಿದ್ದಾಯಿತು. ನಾನು ಎದ್ದು ನಿಂತು ಡೊಂಬಿವಲಿಯಲ್ಲಿ ಬಳಪದ ಕಲ್ಲಿಲ್ಲ ಎಂದು ಘೋಷಿಸಿದೆ. ಕಪ್ಪು ಕಲ್ಲು, ಬಿಸಿನೀರು, ಹಾಳೆ ಹಾಳೆ ಎಲ್ಲ ಹೇಳಿದೆ. ಒದ್ದೆಯಾದರೆ ಮೇಲಿನ ಕಲ್ಲು ಮೀನಿನಂತೆ ಜಾರುತ್ತದೆ ಎಂದಾಗ ಮುಂದಿನ ಸಾಲಿನವರು ತಲೆದೂಗಿದರು; ಹೋಲಿಕೆ ನನ್ನದೆಂದು ಅವರು ತಿಳಿದರು, ನಾನೂ ತಿದ್ದಲಿಲ್ಲ. ನಂತರ ಚಪ್ಪಡಿಗೆ ಬಂದೆ. ಕುಡುಗೋಲು, ಬಳೆ, ಎರಡು ಗೆರೆ. ಅಂಗೈಯಿಂದ ಒರೆಸಿ ಮನೆಗೆ ಹೋಗುವುದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಭೆ ಸ್ವಲ್ಪ ತೂಕಡಿಸುತ್ತಿದೆ ಎನ್ನಿಸಿತು, ಮತ್ತು ನನ್ನ ಹಾಸ್ಯಪ್ರಜ್ಞೆಯ ಮೇಲೆ ನನಗೆ ಮೊದಲಿನಿಂದಲೂ ಅಭಿಮಾನ.

"ಮಹನೀಯರೇ," ಎಂದೆ, "ಹಾಜರಿಯನ್ನು ಅಂಗೈಯಿಂದಲೇ ಒರೆಸಿ ಮನೆಗೆ ಹೋಗುವ ಈ ಸೌಕರ್ಯ ನಮ್ಮ ಬ್ಯಾಂಕುಗಳಿಗೂ ಬಂದರೆ, ಐದು ಗಂಟೆಯ ಮೊದಲೇ ದೇಶದ ಚಪ್ಪಡಿಯೆಲ್ಲ ಬರಿದಾಗಿರುತ್ತದೆ."

ಸಭೆ ನಕ್ಕಿತು. ಚೆನ್ನಾಗಿ ನಕ್ಕಿತು. ಬ್ಯಾಂಕಿನವರು ಒಬ್ಬರ ತೊಡೆ ಒಬ್ಬರು ತಟ್ಟಿದರು. ಚಪ್ಪಾಳೆ ಹಿಂದಿನ ಸಾಲಿನವರೆಗೂ ಹೋಯಿತು. ಅಲ್ಲಿ ಎರಡು ಜೊತೆ ಕೈಗಳು ಮಡಿಲಲ್ಲೇ ಇದ್ದವು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಕೋಪದಿಂದಲ್ಲ, ಇನ್ನೂ ಕಾಯುತ್ತಿದ್ದಳು. ನಾನು "ನೀರಿನ ಜಿನುಗಿನಿಂದಾಗಿ ಕೆಲಸ ನಿಂತಿತು" ಎಂದು ಓದಿ, ವಂದನೆ ಹೇಳಿ ಕೂರುವವರೆಗೂ ಕಾಯುತ್ತಿದ್ದಳು. ಕೂತ ಮೇಲೂ ಒಂದು ಕ್ಷಣ. ಆಮೇಲೆ ಜೊತೆಯವಳು ಅವಳ ಮೊಣಕೈ ಮುಟ್ಟಿದಳು, ಇಬ್ಬರೂ ಎದ್ದು ಹೋದರು.

ಉಪಾಹಾರದ ಹೊತ್ತಿಗೆ ಮಾಲಕರು ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಭಾಷಣ ಲಾಯ್ಕ್ ಆಗಿದೆ ಎಂದರು. ಅಂಬೊಡೆ ಮುರಿಯುತ್ತ, "ಅಲ್ಲ ಮಾರಾಯ, ಅಲ್ಲಿ ಮಳೆಗಾಲದಲ್ಲಿ ಒಬ್ಬ ಸತ್ತಿದ್ದನಲ್ಲ? ಪಾಪದವ. ಅದನ್ನು ಯಾಕೆ ಬಿಟ್ಟದ್ದು ನೀನು?" ಎಂದು ಕೇಳಿದರು.

ವಿಷಯಕ್ಕೆ ಹೊಂದುತ್ತಿರಲಿಲ್ಲ ಎಂದೆನೆಂದು ನೆನಪು.

"ಹೇಳಬಹುದಿತ್ತು," ಎಂದರು ಅವರು, ಯಾವ ಒಳ ಅರ್ಥವೂ ಇಲ್ಲದೆ. "ನಾನೇನು ಬೇಡ ಹೇಳ್ತಿದ್ದೆನಾ?" ಆಮೇಲೆ ಚಟ್ನಿ ಎಲ್ಲಿದೆ ಎಂದು ಹುಡುಕುತ್ತ ಹೋದರು.

ಅವರು ಹೇಳಿದ್ದು ನಿಜವೋ, ಹೇಳಿಬಿಟ್ಟಿದ್ದರೆ ಬೇರೆ ಮುಖ ತೋರಿಸುತ್ತಿದ್ದರೋ ನನಗೆ ತಿಳಿಯದು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮರುದಿನ ಶೆಡ್ಡಿಗೆ ಹೋದೆ. ಅಕ್ಕ ಎಂದಿನಂತೆ ಗೋಣಿಯ ಮೇಲೆ ಕೂತು ಕಲ್ಲು ಗೀರುತ್ತಿದ್ದಳು. ನಾನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದದ್ದನ್ನು ಹೇಳಿದೆ: ಸಮಯ ಸಾಲಲಿಲ್ಲ, ಆದರೆ ಸ್ಮರಣ ಸಂಚಿಕೆ ಇನ್ನೂ ಇಲ್ಲೇ ಪಕ್ಕದ ಕಲ್ಯಾಣದ ಪ್ರೆಸ್ಸಿನಲ್ಲಿದೆ, ಕರಡು ನನ್ನ ಕೈಯಲ್ಲೇ ಇದೆ, ಹೆಸರು ಸೇರಿಸುತ್ತೇನೆ, ಬೇಕಾದರೆ ದಪ್ಪಕ್ಷರದಲ್ಲಿ.

ಅವಳು ಕೈಯಲ್ಲಿದ್ದ ಕಲ್ಲನ್ನು ಕೆನ್ನೆಗೆ ಒತ್ತಿ ನೋಡಿ, ಬುಟ್ಟಿಗೆ ಹಾಕಿ, ಆಮೇಲೆ ಮಾತಾಡಿದಳು.

"ಬ್ಯಾಡ್ರಿ ಸಾಹೇಬ್ರ."

ನನಗೆ ಮೊದಲು ಕೇಳಿದ್ದು ಬೇಡ ಎಂಬುದಲ್ಲ, ಸಾಹೇಬ್ರ ಎಂಬುದು.

"ಅವರೆಲ್ಲ ನಕ್ಕರಲ್ರಿ," ಎಂದಳು. "ನಕ್ಕ ಜಾಗಾದಾಗ ಅವರನ್ನ ಕೂಡಸಬ್ಯಾಡ್ರಿ. ಚಪ್ಪಡಿ ಮ್ಯಾಲೆ ಇದ್ರು, ಅಲ್ಲೇ ಇರ್ಲಿ. ನಾ ಊರು ಬಿಟ್ಟು ಬರೂ ಮುಂದನೂ ಇತ್ರಿ ಗುರುತು."

ನಾನು ಮತ್ತೆ ಏನೋ ಹೇಳಹೋದೆ. ಕ್ಷಮಿಸು ಎಂಬ ಮಾತು ಅದರಲ್ಲಿ ಇತ್ತೋ ಇಲ್ಲವೋ ಈಗ ನೆನಪಿಲ್ಲ. ಇತ್ತು ಎಂದು ಬರೆಯಲು ಆಸೆಯಾಗುತ್ತದೆ.

"ಒಬ್ಬರದು ಇನ್ನೊಬ್ಬರು ಒರಸಬಾರದು ಅಂತ ನಿಮಗ ಹೇಳಿದ್ನೆಲ್ರಿ," ಎಂದಳು, ಮಗ್ಗಿ ಮರೆತ ಹುಡುಗನಿಗೆ ಹೇಳಿಕೊಡುವ ದನಿಯಲ್ಲಿ. "ಬರಕೊಂಡಿದ್ರಿ ನೀವು."

ಬರೆದುಕೊಂಡಿದ್ದೆ. ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇದೆ, ಅಡಿಗೆರೆ ಸಹಿತ.

ಸ್ಮರಣ ಸಂಚಿಕೆ ಬಂತು. ನನ್ನ ಲೇಖನ ಬ್ಯಾಂಕಿನ ತಮಾಷೆಯ ಸಮೇತ ಅಚ್ಚಾಯಿತು. ಅದನ್ನು ತೆಗೆಸಲು ಪ್ರೆಸ್ಸಿಗೆ ಹೋಗಬಹುದಿತ್ತು, ಡೊಂಬಿವಲಿಯಿಂದ ಕಲ್ಯಾಣ ಎಷ್ಟು ದೂರ? ಹೋಗಲಿಲ್ಲ. ಹಲವರು ದಾರಿಯಲ್ಲಿ ನಿಲ್ಲಿಸಿ ಅಭಿನಂದಿಸಿದರು.

ಅಕ್ಕ ಮುಂದೆಯೂ ನಾಲ್ಕೈದು ವರ್ಷ ಆ ಶೆಡ್ಡಿನಲ್ಲಿ ಕೆಲಸ ಮಾಡಿದಳು. ನನಗೆ ಬೇಕಾದ ಮಾದರಿ ಕಲ್ಲುಗಳನ್ನು ಎಂದಿನಷ್ಟೇ ಎಚ್ಚರದಿಂದ ಆರಿಸಿ ಕೊಡುತ್ತಿದ್ದಳು. ತಗೋರಿ ಸಾಹೇಬ್ರ, ಇದು ಚಲೋ ಅದರಿ ಸಾಹೇಬ್ರ. ಒಂದು ದಿನವೂ ಮುಖ ತಿರುಗಿಸಲಿಲ್ಲ, ಒಂದು ದಿನವೂ ತಮ್ಮಾ ಎನ್ನಲಿಲ್ಲ. ಆಮೇಲೆ ಅಳಿಯನಿಗೆ ಸಾನಪಾಡಾದ ಕಡೆ ಕಟ್ಟಡದ ಕೆಲಸ ಸಿಕ್ಕಿತೆಂದು ಮಗಳೊಡನೆ ಹೋದಳು. ಹೋಗುವ ದಿನ ಎಲ್ಲರಿಗೂ ಹೇಳಿ ಹೋದಳು, ನನಗೂ ಹೇಳಿದಳು: "ಬರ್ತೀನ್ರಿ ಸಾಹೇಬ್ರ."

ಅವಳ ಗಂಡನ ಹೆಸರು ನನಗೆ ಗೊತ್ತು. ನಾಲ್ಕೇ ಅಕ್ಷರ. ಇದನ್ನು ಬರೆಯುತ್ತ ಎರಡು ಸಲ ಬರೆದು ಎರಡು ಸಲವೂ ಕಾಟು ಹಾಕಿದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕೆಲವು ಸಲ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ದನಿ ಸರಿಯಾಗಿಯೇ ಬರುತ್ತದೆ. ಹಿಂದಿನ ಸಾಲಿನವರೆಗೂ ಕೇಳಿಸುವಷ್ಟು.